ಮಾತು ಕತ್ತರಿಸಿ ಉಸಿರು ಉಳಿಸಿಕೊಂಡೆ

ಅತ್ತಿಗೆ, ಅವತ್ತು ಟೇಪು ಓಡಿತ್ತು.

ಓಡಲಿಲ್ಲ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಬ್ಯಾಟರಿ ವೀಕಾಗಿತ್ತು ಎಂದದ್ದೂ ಸುಳ್ಳು — ಹೊಸ ಬ್ಯಾಟರಿ, ಅವತ್ತು ಬೆಳಿಗ್ಗೆಯಷ್ಟೇ ಹಾಕಿಕೊಂಡು ಬಂದಿದ್ದೆ. ಅಣ್ಣ ಸಾಯುವುದಕ್ಕೆ ಎರಡು ವಾರ ಮುಂಚೆ ನಿಮಗೆಂದು ಆಡಿದ ಅರ್ಧ ಗಂಟೆಯ ಮಾತು ಒಂದಕ್ಷರ ಬಿಡದೆ ಟೇಪಿನಲ್ಲಿ ಬಂದಿತ್ತು. ಅದನ್ನು ಬ್ಲೇಡಿನಿಂದ ಕತ್ತರಿಸಿ ಕಸದ ಬಕೆಟ್ಟಿಗೆ ಹಾಕಿದವನು ನಾನು. ಆಮೇಲೆ ನೀವು ಕೇಳಿದಾಗ, ಅಣ್ಣ ಆಡದ ಮಾತನ್ನು ಆಡಿದನೆಂದು ಹೇಳಿದವನೂ ನಾನೇ. ಆ ಮಾತನ್ನು ನಂಬಿ ನೀವು ಮೂವತ್ತೈದು ವರ್ಷಕ್ಕೂ ಮೇಲೆ ಬದುಕಿದ್ದೀರಿ.

ಶೋಭಾಗೆ ಆಗ ಐದು ವರ್ಷ. ಅವಳಿಗೆ ಅಪ್ಪನ ಮುಖವೂ ಸರಿಯಾಗಿ ನೆನಪಿಲ್ಲ. ಈ ಕಾಗದವನ್ನು ಅವಳೂ ಓದಲಿ ಎಂದು ನನ್ನ ಆಸೆ — ಆಸೆಯಲ್ಲ, ಅವಳು ಓದಲೇಬೇಕು. ಅದಕ್ಕೆ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಂಬತ್ತರ ದಶಕದ ನಡುವಿನ ಮಾತು. ವಿಜಯನಗರದ ವಠಾರದಲ್ಲಿ ನಮ್ಮದು ಮೂರನೆಯ ಮನೆ. ನಡುಮನೆ, ಅಡುಗೆಮನೆ, ಅಷ್ಟೇ. ಬಚ್ಚಲು ಎಲ್ಲರಿಗೂ ಸೇರಿದ್ದು. ಅಪ್ಪ ಅಮ್ಮ ಬೇಗ ಹೋದದ್ದರಿಂದ, ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಸಿದ್ದರಾಜಣ್ಣ ನನ್ನನ್ನು ಸಾಕಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದ್ದ. ನೀವು ಮದುವೆಯಾಗಿ ಬಂದಾಗ ಟೀಚರ್ ಟ್ರೈನಿಂಗಿನಲ್ಲಿ ಒಂದು ವರ್ಷ ಮುಗಿಸಿದ್ದಿರಿ, ಇನ್ನೊಂದು ವರ್ಷ ಬಾಕಿಯಿತ್ತು. ಆಮೇಲೆ ಮುಗಿಸಿದರಾಯಿತು ಎಂದು ನಾವೆಲ್ಲ ಹೇಳಿದೆವು. ಆ ಆಮೇಲೆ ಬರಲೇ ಇಲ್ಲ. ಶೋಭಾ ಹುಟ್ಟಿದಳು, ಅಣ್ಣನಿಗೆ ಗೂರಲು ಹಿಡಿಯಿತು, ನೀವು ಹೊಲಿಗೆ ಮೆಷಿನ್ನು ತಂದು ವಠಾರದ ಹೆಂಗಸರಿಗೆ ಬ್ಲೌಸ್ ಹೊಲಿಯಲು ಕೂತಿರಿ.

ಹತ್ತಿ ಗಿರಣಿಯಲ್ಲಿ ವರ್ಷಗಟ್ಟಲೆ ಧೂಳು ಕುಡಿದ ಎದೆ ಅದು. ಕೊನೆಕೊನೆಗೆ ಅಣ್ಣನಿಗೆ ಮಲಗುವುದಕ್ಕೇ ಆಗುತ್ತಿರಲಿಲ್ಲ. ಮೆಷಿನ್ನಿನ ಮರದ ಮುಚ್ಚಳದ ಮೇಲೆ ದಿಂಬಿಟ್ಟು, ಅದಕ್ಕೆ ಹಣೆಯಾನಿಸಿ ಕೂತೇ ನಿದ್ದೆ ಮಾಡುತ್ತಿದ್ದ. ಉಸಿರು ಒಳಗೆ ಹೋಗುವಾಗ ಸಣ್ಣ ಸಿಳ್ಳೆ. ಎಲ್ಲೋ ಮೇಲೆ ಹೋಗಿ ಒಂದು ಕ್ಷಣ ಸಿಕ್ಕಿಕೊಳ್ಳುವುದು. ಬಿಡುವಾಗ ಎದೆಯ ತಳದಲ್ಲಿ ಗರಗರ. ನಮಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅದರ ಸದ್ದಿಗೆ ಯಾರಿಗೂ ಎಚ್ಚರವಾಗುತ್ತಿರಲಿಲ್ಲ. ಅದು ನಿಂತರೆ ಮಾತ್ರ ನೀವು ಎದ್ದು ಕೂರುತ್ತಿದ್ದಿರಿ.

ನಾನು ಆಗ ರಾಜಾಜಿನಗರದ ಒಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದೆ. ಸ್ಟುಡಿಯೋ ಎಂದರೆ ಒಬ್ಬರ ಮನೆಯ ಮಹಡಿ. ಕಿಟಕಿಗಳಿಗೆ ಗೋಣಿತಾಟು ಜಡಿದು, ಗೋಡೆಗೆ ತೆಂಗಿನ ನಾರಿನ ಹಾಸು ಹೊಡೆದು, ಒಳಗೆ ಕೂತವರಿಗೆ ಹಗಲೋ ಇರುಳೋ ತಿಳಿಯದ ಹಾಗೆ ಮಾಡಿದ್ದರು. ಅದರ ಯಜಮಾನರು ರಾವ್ ಸಾರ್. ಕಡಿಮೆ ಖರ್ಚಿನ ಸಿನಿಮಾಗಳಿಗೆ ಮಾತು, ಸದ್ದು, ಸಂಗೀತ ಮೂರನ್ನೂ ಸೇರಿಸಿ ಒಂದು ಮಾಡಿಕೊಡುವುದು ನಮ್ಮ ಕೆಲಸ. ಅದರಲ್ಲಿ ನನ್ನ ಪಾಲಿನದು ಟೇಪು ಶುದ್ಧ ಮಾಡುವುದು. ನಟರು ಡೈಲಾಗ್ ಹೇಳುವಾಗ ಮಾತಿಗೂ ಮಾತಿಗೂ ನಡುವೆ ಉಸಿರೆಳೆದುಕೊಳ್ಳುತ್ತಾರಲ್ಲ — ಆ ಉಸಿರು ಎಲ್ಲೆಲ್ಲಿದೆ ಎಂದು ಹುಡುಕಿ, ಅಷ್ಟು ಟೇಪನ್ನು ಬ್ಲೇಡಿನಲ್ಲಿ ಕೊಯ್ದು ತೆಗೆದು, ಉಳಿದ ಮಾತುಗಳನ್ನು ಅಂಟಿಸಬೇಕು. ಮಾತು ಉಳಿಯಬೇಕು, ಉಸಿರು ಹೋಗಬೇಕು. ಮೂರು ವರ್ಷ ನಾನು ಮಾಡಿದ್ದು ಇದೊಂದೇ, ಮತ್ತು ಅದರಲ್ಲಿ ನನ್ನ ಕೈ ಪಳಗಿತ್ತು.

ಆಗ ಆ ದೆವ್ವದ ಸಿನಿಮಾ ಬಂತು.

ನಿರ್ದೇಶಕರು ಸಫಾರಿ ಹಾಕುವ ಮನುಷ್ಯ, ಮಾತು ಕಡಿಮೆ, ಹಟ ಜಾಸ್ತಿ. ಬಂದ ಮೊದಲ ದಿನವೇ ಹೇಳಿದರು:

"ದೆವ್ವಾನ ನಾನು ತೋರ್ಸೋದೇ ಇಲ್ಲ ಕಣ್ರೀ. ಬರೀ ಅದರ ಉಸಿರು ಕೇಳಿಸ್ಬೇಕು. ಉಸಿರು ಕೇಳಿದ ಕೂಡ್ಲೆ ಜನ ಸೀಟಲ್ಲಿ ಮುದುರ್ಕೋಬೇಕು."

ಉಸಿರು ಮಾಡಿಕೊಡುವ ಕೆಲಸ ನನ್ನ ತಲೆಗೆ ಬಂತು. ಸೈಕಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಒತ್ತಿದೆ. ಕುಲುಮೆಯ ತಿದಿಯನ್ನು ಕೇಳಿ ತಂದೆ. ಹಿತ್ತಾಳೆ ಬಿಂದಿಗೆಯೊಳಗೆ ಬಾಯಿಟ್ಟು ನಾನೇ ಉಸಿರಾಡಿದೆ. ನಿರ್ದೇಶಕರು ಕಣ್ಣು ಮುಚ್ಚಿ ಕೇಳಿ, "ಯಾರೋ ಬಿಂದಿಗೆ ಒಳಗೆ ಊದ್ದಂಗಿದೆ ಕಣ್ರೀ" ಎಂದರು. ಬಿಂದಿಗೆಯೊಳಗೇ ಊದಿದ್ದೆ, ಏನೆನ್ನಲಿ. ಇನ್ನೊಂದು ವಾರದಲ್ಲಿ ಆಗದಿದ್ದರೆ ಮದರಾಸಿಗೆ ಹೋಗುತ್ತೇನೆ ಎಂದು ಅವರು ರಾವ್ ಸಾರ್‌ಗೆ ಹೇಳಿಬಿಟ್ಟರು. ಆಗಿಬಿಟ್ಟರೆ ಟೈಟಲ್‌ನಲ್ಲಿ ನಿನ್ನ ಹೆಸರು ಒಂಟಿಯಾಗಿ ಬರತ್ತೆ ಎಂದು ರಾವ್ ಸಾರ್ ನನಗೆ ಹೇಳಿದರು. ಇಪ್ಪತ್ನಾಲ್ಕು ವರ್ಷದವನಿಗೆ ಅದು ಎಷ್ಟು ದೊಡ್ಡದಾಗಿ ಕಂಡಿತೆಂದರೆ — ಇರಲಿ. ಎಷ್ಟು ದೊಡ್ಡದಾಗಿ ಕಂಡಿತೆಂಬುದು ಮುಂದೆ ನಾನು ಮಾಡಿದ್ದನ್ನು ನೋಡಿದರೆ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ಮುದ್ದೆ ಮುರಿಯುತ್ತ ಕೂತಿದ್ದೆ. ಎದುರಿಗೆ ಅಣ್ಣ ಮೆಷಿನ್ನಿಗೆ ಒರಗಿದ್ದ. ಅಷ್ಟು ದಿನ ಮನೆಯಲ್ಲೇ ಇದ್ದ ಸದ್ದು ಅವತ್ತು ಮೊದಲ ಸಲ ನನ್ನ ಕಿವಿಗೆ ಕೆಲಸದ ಸದ್ದಾಗಿ ಕೇಳಿಸಿತು. ಸಿಳ್ಳೆ, ಸಿಕ್ಕಿಕೊಳ್ಳುವುದು, ಗರಗರ. ನನಗೆ ಖುಷಿಯಾಯಿತು ಅತ್ತಿಗೆ. ಇದನ್ನೂ ಬರೆಯುತ್ತೇನೆ — ನನಗೆ ಆದದ್ದು ಖುಷಿಯೇ.

ನೀವು ಹೊಲಿದ ಬ್ಲೌಸುಗಳನ್ನು ಮನೆಮನೆಗೆ ಕೊಟ್ಟು, ಹಾಗೇ ಶೋಭಾಳನ್ನು ಸ್ಕೂಲಿನಿಂದ ಕರೆತರಲು ಹೋಗಿದ್ದ ಮಧ್ಯಾಹ್ನ, ಸ್ಟುಡಿಯೋದ ಹೆಗಲಿಗೆ ಹಾಕುವ ರೆಕಾರ್ಡರನ್ನು ಹೊತ್ತುಕೊಂಡು ಮನೆಗೆ ಬಂದೆ. ಅಣ್ಣನಿಗೆ ನಿಜ ಹೇಳಬಹುದಿತ್ತು. "ಅಣ್ಣ, ದೆವ್ವದ ಸಿನಿಮಾಗೆ ನಿನ್ನ ಉಸಿರು ಬೇಕು" ಎಂದಿದ್ದರೆ ಅವನು ನಗುತ್ತಿದ್ದ, ಒಂದು ಬೈಗುಳ ಬೈದು ಹತ್ತು ಸಲ ಉಸಿರಾಡಿಕೊಡುತ್ತಿದ್ದ. ಅವನ ಸ್ವಭಾವ ನಿಮಗೆ ಗೊತ್ತು. ನನಗೆ ಹೇಳಲು ನಾಚಿಕೆಯಾಯಿತು. ಅದಕ್ಕೆ, "ನಿನ್ನ ದನಿ ಒಂದು ರೆಕಾರ್ಡ್ ಮಾಡಿ ಇಟ್ಕೊಳ್ಳಣ ಅಂತ" ಎಂದೆ.

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಸಾಯುವವನ ದನಿಯನ್ನು ತಮ್ಮ ಇಟ್ಟುಕೊಳ್ಳಲು ಬಂದಿದ್ದಾನೆ ಎಂದು ತಿಳಿದುಕೊಂಡ.

"ತಡಿ, ಶರ್ಟ್ ಹಾಕ್ಕೋತೀನಿ."

"ಫೋಟೋ ಅಲ್ಲ ಅಣ್ಣ. ದನಿ ಅಷ್ಟೇ."

"ಇರ್ಲಿ ಕಣೋ. ರತ್ನಂಗೆ ಒಂದಷ್ಟು ಹೇಳೋದಿದೆ. ಎದುರಿಗೆ ಹೇಳಿದ್ರೆ ಅಳ್ತಾಳೆ."

ನೀಲಿ ಗೆರೆಯ ಆ ಬಿಳಿ ಶರ್ಟು, ಇಸ್ತ್ರಿ ಮಾಡಿ ನೀವು ಟ್ರಂಕಿನಲ್ಲಿಟ್ಟಿದ್ದದ್ದು. ಗುಂಡಿ ಹಾಕಿಕೊಳ್ಳುವುದಕ್ಕೆ ಅವನಿಗೆ ಎರಡು ಸಲ ದಮ್ಮು ಕಟ್ಟಿತು. ನಾನು ಸಹಾಯ ಮಾಡಲಿಲ್ಲ. ದಮ್ಮು ಕಟ್ಟಲಿ ಎಂದೇ — ಹೌದು, ಹಾಗೇ ಅಂದುಕೊಂಡೆ. ಅವನು ತಲೆ ಬಾಚಿಕೊಂಡ, ಹಣೆಗೆ ವಿಭೂತಿ ಇಟ್ಟುಕೊಂಡ. ಫೋಟೋ ಸ್ಟುಡಿಯೋದಲ್ಲಿ ಕೂರುವಂತೆ ಎರಡೂ ಕೈ ಮೊಣಕಾಲ ಮೇಲಿಟ್ಟು ನೆಟ್ಟಗೆ ಕೂತ. ನಾನು ಮೈಕನ್ನು ಬಾಯಿಗೆ ಹಿಡಿಯಲಿಲ್ಲ, ಎದೆಗೆ ಹಿಡಿದೆ.

ಅರ್ಧ ಗಂಟೆ ಮಾತಾಡಿದ. ಹೆಡ್‌ಫೋನ್ ಹಾಕಿಕೊಂಡು ಎದುರಿಗೇ ಕೂತಿದ್ದೆ, ಅವನ ಮಾತು ನನ್ನ ಕಿವಿಯೊಳಗೇ ಬೀಳುತ್ತಿತ್ತು. ನಾನು ಮಾತು ಕೇಳಲಿಲ್ಲ ಅತ್ತಿಗೆ. ಮಾತು ಮುಗಿದು ಉಸಿರು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ಮಾತಾಡಿದಷ್ಟೂ ಅವನ ಉಸಿರು ಒರಟಾಗುತ್ತಿತ್ತು, ಅದು ನನಗೆ ಬೇಕಾಗಿತ್ತು. ಒಂದು ಹಂತದಲ್ಲಿ ಅವನು ಸುಸ್ತಾಗಿ, "ಸಾಕೇನೋ" ಎಂದ.

"ಇನ್ನೊಂಚೂರು ಮಾತಾಡು ಅಣ್ಣ" ಎಂದೆ.

ತಮ್ಮನಿಗೆ ತನ್ನ ದನಿಯ ಮೇಲೆ ಅಷ್ಟು ಆಸೆಯಿದೆ ಎಂದು ಅವನಿಗೆ ಸಂತೋಷವಾಗಿರಬೇಕು. ಇನ್ನೂ ಹತ್ತು ನಿಮಿಷ ಮಾತಾಡಿದ. ಮುಗಿದ ಮೇಲೆ ಶರ್ಟು ಬಿಚ್ಚಿ ಮಡಿಸಿ, "ನಾನು ಹೋದ್ಮೇಲೆ ಅವಳಿಗೆ ಕೊಡು, ಮುಂಚೆ ಬೇಡ" ಎಂದ. ಸರಿ ಎಂದೆ. ಆದರೆ ಅವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲದು. ಅವತ್ತು ಸಾಯಂಕಾಲವೇ ನಿಮಗೆ ಹೇಳಿಬಿಟ್ಟನಲ್ಲ — ಕುಮಾರನ ಟೇಪಲ್ಲಿ ನಿಂಗೊಂದಷ್ಟು ಮಾತು ಇಟ್ಟಿದೀನಿ, ಈಗ ಕೇಳ್ಬೇಡ ಎಂದು.

ಮರುದಿನ ಸ್ಟುಡಿಯೋದಲ್ಲಿ ಆ ಟೇಪನ್ನು ಬ್ಲೇಡಿನ ಕೆಳಗಿಟ್ಟೆ. ಮೊದಲು ಒಂದು ಪ್ರತಿ ಮಾಡಿಕೊಂಡು ಆಮೇಲೆ ಕತ್ತರಿಸಬಹುದಿತ್ತು. ಅರ್ಧ ಗಂಟೆಯ ಕೆಲಸ. ಎರಡನೆಯ ಮೆಷಿನ್ನಿನಲ್ಲಿ ಯಾವುದೋ ತಲೆಗೂದಲೆಣ್ಣೆಯ ಜಾಹೀರಾತು ಓಡುತ್ತಿತ್ತು, ಅದು ಬಿಡುವಾಗುವ ತನಕ ಕಾಯಬೇಕಿತ್ತು. ನಿರ್ದೇಶಕರು ಮಧ್ಯಾಹ್ನ ಬರುವವರಿದ್ದರು. ಮಾತನ್ನು ಇನ್ನೊಂದು ದಿನ ಮತ್ತೆ ಆಡಿಸಿದರಾಯಿತು, ಅಣ್ಣ ಮನೆಯಲ್ಲೇ ಇರುತ್ತಾನಲ್ಲ ಎಂದುಕೊಂಡೆ.

ಟೇಪನ್ನು ಕೈಯಲ್ಲಿ ಹಿಂದಕ್ಕೆ ಮುಂದಕ್ಕೆ ನಿಧಾನವಾಗಿ ಎಳೆದು ಮಾತು ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕು. ಹಾಗೆ ಹುಡುಕುವಾಗ ಮಾತಿನ ತುದಿಗಳು ಕಿವಿಗೆ ಬಿದ್ದೇ ಬೀಳುತ್ತವೆ. ನನಗೆ ಬಿದ್ದದ್ದು ಮೂರು. ಒಂದು, "ಉಳಿದ ಒಂದು ವರ್ಷ ಟ್ರೈನಿಂಗ್ ಮುಗಿಸ್ಕೋ." ಇನ್ನೊಂದು, "ಈ ಮನೇಲಿ ಇರ್ಬೇಡ ರತ್ನಾ, ನಿಮ್ಮಕ್ಕನ ಹತ್ರ ತುಮಕೂರಿಗೆ ಹೋಗು." ಮತ್ತೊಂದು, "ಕುಮಾರ ದೊಡ್ಡೋನಾದ, ಅವನನ್ನ ಅವನು ನೋಡ್ಕೋತಾನೆ." ಈ ಮೂರನ್ನೂ ನಾನು ಕೇಳಿದೆ, ಅರ್ಥವೂ ಆಯಿತು, ಕತ್ತರಿಸಿ ಬಕೆಟ್ಟಿಗೆ ಹಾಕಿದೆ. ಮೂರು ವರ್ಷ ಮಾಡಿದ ಕೆಲಸವನ್ನೇ ತಲೆಕೆಳಗು ಮಾಡಿದೆ. ಕೊನೆಗೆ ನಲವತ್ತು ಚಿಲ್ಲರೆ ಉಸಿರುಗಳು ಉಳಿದವು. ಒಂದಕ್ಕೊಂದು ಅಂಟಿಸಿ, ಅರ್ಧ ವೇಗದಲ್ಲಿ ಓಡಿಸಿದೆ. ನಿರ್ದೇಶಕರು ಕೇಳಿ, ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ, "ಎಲ್ಲಿಂದ ತಂದ್ರಿ ಇದನ್ನ" ಎಂದರು. ಮಾಡಿದ್ದು ಸಾರ್, ಎಂದೆ.

ಅಣ್ಣ ಎರಡು ಸಲ ಕೇಳಿದ, ಚೆನ್ನಾಗಿ ಬಂದಿದೆಯೇನೋ ಎಂದು. ಚೆನ್ನಾಗಿ ಬಂದಿದೆ ಎಂದೆ. ಮತ್ತೆ ಮಾತಾಡಿಸಲು ಕೂರಿಸಲಿಲ್ಲ. ಏನೆಂದು ಕೇಳಲಿ? ಇವತ್ತು ನಾಳೆ ಎನ್ನುತ್ತಿದ್ದಾಗ ಒಂದು ಭಾನುವಾರ ಬೆಳಿಗ್ಗೆ, ನೀವು ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ, ಅವನು ಮೆಷಿನ್ನಿನ ಮೇಲೆ ಹಣೆಯಿಟ್ಟಂತೆಯೇ ಹೋಗಿಬಿಟ್ಟಿದ್ದ.

ಗಂಡುಮಕ್ಕಳಿಲ್ಲದ ಅವನಿಗೆ ಕೊಳ್ಳಿಯಿಟ್ಟವನು ನಾನು. ತಲೆ ಬೋಳಿಸಿಕೊಂಡೆ. ಮೂರನೆಯ ದಿನ ಹಾಲುತುಪ್ಪ ಮುಗಿಸಿ, ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ಓಡಿದೆ. ಬಕೆಟ್ಟು ಖಾಲಿ. ಗುಡಿಸುವ ಆಯಾ, "ಕೆಳಗಿನ ಮನೆ ಅಜ್ಜ ತಗೊಂಡೋದ್ರು, ಸೀಬೆ ಮರಕ್ಕೆ ಕಟ್ಟೋಕೆ" ಎಂದಳು. ಹಿತ್ತಿಲಿಗೆ ಹೋದರೆ ಮರದ ತುಂಬ ಟೇಪಿನ ಚೂರುಗಳು, ಗಿಣಿ ಬಾರದಿರಲೆಂದು ಕೊಂಬೆ ಕೊಂಬೆಗೂ ಕಟ್ಟಿದ್ದವು, ಬಿಸಿಲಿಗೆ ಮಿಂಚುತ್ತಿದ್ದವು. ಕೈಗೆಟುಕಿದಷ್ಟನ್ನೂ ಬಿಚ್ಚಿ ತಂದು ಅಂಟಿಸಿ ಕೇಳಿದೆ. ಯಾವುದೋ ನಾಯಕಿ "ಬಿಡಿ ನನ್ನ" ಎನ್ನುತ್ತಿದ್ದಳು. ತಲೆಗೂದಲೆಣ್ಣೆಯ ಹಾಡಿನ ಒಂದು ಸಾಲು ಇತ್ತು. ಯಾರದೋ ಕೆಮ್ಮು, ಯಾರದೋ ಉಸಿರು. ಅಣ್ಣನದು ಒಂದು ಅಕ್ಷರವೂ ಸಿಗಲಿಲ್ಲ. ಎತ್ತರದ ಕೊಂಬೆಯಲ್ಲಿ ಇದ್ದಿರಬಹುದು. ಅಜ್ಜ ಜಗುಲಿಗೆ ಬಂದು ನಿಂತು ನನ್ನನ್ನೇ ನೋಡುತ್ತಿದ್ದರು, ಏಣಿ ಕೇಳಲು ನಾಚಿಕೆಯಾಯಿತು. ಅತ್ತಿಗೆ, ನಾಚಿಕೆ ಎಂಬುದು ನನಗೆ ಯಾವಾಗಲೂ ಆಗಬಾರದ ಹೊತ್ತಿನಲ್ಲೇ ಆಗಿದೆ.

ಅದೇ ದಿನ ಮಿಕ್ಸಿಂಗ್ ಇತ್ತು. ಬೇಡವೆನ್ನಬಹುದಿತ್ತು, ರಾವ್ ಸಾರ್ ಪಾಪ, "ಮನೆಗೆ ಹೋಗೋ, ನಾನೇ ನೋಡ್ಕೋತೀನಿ" ಎಂದರು. ನಾನು ಹೋಗಲಿಲ್ಲ. ನನ್ನ ಕೈಯಲ್ಲೇ ಆಗಬೇಕೆಂಬ ಹಟ. ಪರದೆಯ ಮೇಲೆ ಹುಡುಗಿ ಮೆಟ್ಟಿಲು ಹತ್ತುತ್ತಾಳೆ, ಪಿಟೀಲುಗಳು ಏರುತ್ತವೆ. ಸಂಗೀತವನ್ನು ಪೂರ್ತಿ ಇಳಿಸಿ ಬರೀ ಉಸಿರನ್ನು ಬಿಡೋಣ ಎಂದವನು ನಾನೇ. ಒಂದು ಕೈಯಲ್ಲಿ ಪಿಟೀಲುಗಳನ್ನು ಇಳಿಸುತ್ತ ಹೋದೆ, ಇನ್ನೊಂದು ಕೈಯಲ್ಲಿ ಅಣ್ಣನನ್ನು ಏರಿಸುತ್ತ ಹೋದೆ. ಆ ಕತ್ತಲೆ ಕೋಣೆ ತುಂಬ ಅವನ ಎದೆ. ಮೂರು ದಿನದ ಹಿಂದೆ ನಿಂತದ್ದು.

ರಾವ್ ಸಾರ್ ತಡೆದರು. "ಹಿಂದೆ ಓಡ್ಸು ಕುಮಾರ್. ಆ ಉಸಿರಿನ ಕೊನೆಗೆ ಏನೋ ಮಾತು ಉಳ್ಕೊಂಡಿದೆ ನೋಡು."

ಓಡಿಸಿದೆ. ಒಂದು ಉಸಿರಿನ ತುದಿಯಲ್ಲಿ ನಾನು ಸರಿಯಾಗಿ ಕೊಯ್ಯದೆ ಉಳಿದದ್ದು — "ರ" ಎಂಬ ಸದ್ದು, ನಿಮ್ಮ ಹೆಸರು ಕರೆಯಲು ಶುರು ಮಾಡಿದ್ದು. ಅವನ ದನಿಯೆಂದು ಭೂಮಿಯ ಮೇಲೆ ಉಳಿದದ್ದು ಅಷ್ಟೇ. ಆ ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು: ಅಣ್ಣ ಸತ್ತಿದ್ದಾನೆ, ಟೇಪು ಹೋಗಿದೆ, ನೀವು ಕೇಳುತ್ತೀರಿ. ಬ್ಲೇಡು ತೆಗೆದುಕೊಂಡು ಅದನ್ನು ಕತ್ತರಿಸಿದೆ. ಜೇಬಿನಲ್ಲಾದರೂ ಇಟ್ಟುಕೊಳ್ಳಬಹುದಿತ್ತು. ಕೈಗೆ ಅಭ್ಯಾಸ, ಬಕೆಟ್ಟಿಗೆ ಬಿತ್ತು. ಬಗ್ಗಿ ತೆಗೆದುಕೊಳ್ಳುವಷ್ಟರಲ್ಲಿ ಅಲ್ಲಿ ಅಂಥವೇ ನೂರು ಚೂರು ಇದ್ದವು, ಹಿಂದೆ ನಿರ್ದೇಶಕರು ಕಾಯುತ್ತಿದ್ದರು.

ಹನ್ನೊಂದನೆಯ ದಿನ ತಿಥಿಗೆ ತುಮಕೂರಿನಿಂದ ನಿಮ್ಮ ಅಕ್ಕ ಬಂದಿದ್ದರು. ನೆಂಟರೆಲ್ಲ ಎಲೆಯಿಂದೆದ್ದ ಮೇಲೆ ಅವರು ನಿಮಗೆ ಹೇಳಿದ್ದು ನನಗೂ ಕೇಳಿಸಿತು. "ನನ್ಜೊತೆ ಬಂದ್ಬಿಡು ರತ್ನಾ. ಟ್ರೈನಿಂಗ್ ಮುಗಿಸು. ಮಗೂನ ನಾನು ನೋಡ್ಕೋತೀನಿ." ನಿಮ್ಮ ಎರಡು ಸೀರೆ, ಶೋಭಾಳ ಲಂಗಗಳು ಆಗಲೇ ಟ್ರಂಕಿನ ಮೇಲೆ ಮಡಿಸಿಟ್ಟಿದ್ದವು. ನೀವು ಎದ್ದು ಅಡುಗೆಮನೆಗೆ ಬಂದಿರಿ, ನಾನು ಅಲ್ಲಿ ನೀರು ಕುಡಿಯುತ್ತಿದ್ದೆ.

"ಕುಮಾರ, ನಿಮ್ಮಣ್ಣ ಏನೋ ಟೇಪಲ್ಲಿ ಹೇಳಿದೀನಿ ಅಂದಿದ್ರು. ಅದನ್ನ ಹಾಕ್ತೀಯಾ? ಕೇಳಿ ಆಮೇಲೆ ಹೋಗೋದೋ ಬಿಡೋದೋ ನೋಡ್ತೀನಿ."

"ಟೇಪು ಓಡಲೇ ಇಲ್ಲ ಅತ್ತಿಗೆ. ಬ್ಯಾಟರಿ ವೀಕಾಗಿತ್ತು. ಅಣ್ಣಂಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

ನೀವು ಬೈಯಲಿಲ್ಲ. ಸ್ವಲ್ಪ ಹೊತ್ತು ಒಲೆಯ ಕಟ್ಟೆಯನ್ನು ಒರೆಸಿದಿರಿ. ಒರೆಸಿದ್ದನ್ನೇ ಮತ್ತೆ ಒರೆಸಿದಿರಿ. ಆಮೇಲೆ, "ಹೋಗ್ಲಿ ಬಿಡು. ನೀನು ಎದುರಿಗೇ ಕೂತಿದ್ದೆಯಲ್ಲ. ಏನಂದ್ರು, ನೀನೇ ಹೇಳು" ಎಂದಿರಿ.

ಮೂರು ಮಾತು ನನಗೆ ಗೊತ್ತಿತ್ತು. ಮೂರನ್ನೂ ಹೇಳಿದ್ದರೆ ನೀವು ಅವತ್ತೇ ಸಂಜೆಯ ಬಸ್ಸಿಗೆ ಹೋಗುತ್ತಿದ್ದಿರಿ. ಆ ಎರಡು ಕೋಣೆಯ ಮನೆಯಲ್ಲಿ ನಾನು, ಆ ಮೆಷಿನ್ನು, ಇಬ್ಬರೇ ಉಳಿಯುತ್ತಿದ್ದೆವು. ಹುಟ್ಟಿದಾಗಿನಿಂದ ಯಾರಾದರೊಬ್ಬರು ಮಾಡಿ ಬಡಿಸಿದ್ದನ್ನು ಉಂಡವನು ನಾನು. ನನಗೆ ಭಯವಾಯಿತು. ಆ ಭಯದಲ್ಲಿ ಬಾಯಿಗೆ ಬಂದದ್ದು ಇದು:

"ಮನೆ ಬಿಡ್ಬೇಡ ಅಂದ್ರು. ಕುಮಾರನ್ನ ನೋಡ್ಕೋ, ಅವನಿಗೆ ಯಾರೂ ಇಲ್ಲ ಅಂದ್ರು."

ಹೇಳಿ ಮುಗಿಸುವಾಗಲೇ ನನಗೆ ಅದು ನಾನು ದಿನಾ ಕತ್ತರಿಸಿ ಅಂಟಿಸುವ ಸಿನಿಮಾ ಡೈಲಾಗಿನ ಹಾಗೆ ಕೇಳಿಸಿತು. ನಿಮಗೆ ಕೇಳಿಸಲಿಲ್ಲ. ನೀವು ಸೆರಗಿನಿಂದ ಕಣ್ಣೊತ್ತಿಕೊಂಡು, "ಅಷ್ಟೇ ಅಂದ್ರಾ? ಸರಿ ಬಿಡು" ಎಂದಿರಿ. ಹೊರಗೆ ಹೋಗಿ ಮಡಿಸಿಟ್ಟ ಬಟ್ಟೆಗಳನ್ನು ಟ್ರಂಕಿಗೆ ಹಾಕಿದಿರಿ. ನಿಮ್ಮ ಅಕ್ಕ ಒಬ್ಬರೇ ಹೋದರು.

ಸಿನಿಮಾ ಬಿಡುಗಡೆಯಾದಾಗ ಟೈಟಲ್‌ನಲ್ಲಿ ನನ್ನ ಹೆಸರು ಬಂತು. ಮೈದುನನ ಹೆಸರು ನೋಡಬೇಕೆಂದು ವಠಾರದ ಹೆಂಗಸರನ್ನು ಕಟ್ಟಿಕೊಂಡು ನೀವು ಮ್ಯಾಟಿನಿಗೆ ಹೋದಿರಿ. ಬೇಡ ಅತ್ತಿಗೆ, ಹೆದರ್ಕೋತೀರಿ ಎಂದು ನಾನು ತಡೆದದ್ದು ನಿಮಗೆ ತಮಾಷೆಯಾಗಿ ಕಂಡಿತ್ತು. ಬಂದ ಮೇಲೆ ನೀವು ಕಾಫಿಗಿಟ್ಟಿರಿ, ಹಾಲು ಉಕ್ಕಿ ಹೋಯಿತು, ನೋಡುತ್ತಲೇ ನಿಂತಿದ್ದಿರಿ.

"ಆ ಉಸಿರು ನಿಮ್ಮಣ್ಣಂದಲ್ವಾ?"

"ಸೈಕಲ್ ಪಂಪ್ ಅತ್ತಿಗೆ. ಒದ್ದೆ ಬಟ್ಟೆ ಸುತ್ತಿ ಮಾಡಿದ್ದು."

"ಹೌದಾ. ನಂಗೀಗ ಎಲ್ಲ ಕಡೆ ಅದೇ ಕೇಳ್ಸತ್ತೆ ಅನ್ಸತ್ತೆ."

ಎಂಟು ವರ್ಷ ಪಕ್ಕದಲ್ಲಿ ಮಲಗಿ ಕೇಳಿದವರ ಕಿವಿಯನ್ನು ನಾನು ಸುಳ್ಳು ಮಾಡಿದೆ. ಆಮೇಲೆ ನೀವು ಒಬ್ಬರೇ ಆ ಸಿನಿಮಾಗೆ ಹೋಗಲು ಶುರು ಮಾಡಿದಿರಿ. ಅದು ಓಡಿದ ನಾಲ್ಕು ವಾರದಲ್ಲಿ ಏಳು ಸಲ. ಒಂದು ಮಧ್ಯಾಹ್ನ ನಾನು ನಿಮಗೆ ಕಾಣದ ಹಾಗೆ ಹಿಂದೆ ಬಂದು ಕೂತಿದ್ದೆ. ಮೆಟ್ಟಿಲಿನ ದೃಶ್ಯ ಬಂದಾಗ ಜನ ಕಿವಿ ಮುಚ್ಚಿಕೊಂಡರು, ಒಂದು ಮಗು ಅತ್ತಿತು. ನೀವು ಪರದೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಮುಂದಿನ ಸೀಟಿಗೆ ಹಣೆಯಾನಿಸಿ, ಕೇಳುತ್ತಿದ್ದಿರಿ. ಆ ದೃಶ್ಯ ಮುಗಿದ ಕೂಡಲೆ ಎದ್ದು ಹೊರಗೆ ಹೋದಿರಿ. ವಠಾರದಲ್ಲಿ ಜನ ಆಡಿಕೊಂಡರು: ಗಂಡ ಸತ್ತು ವರ್ಷ ಆಗಿಲ್ಲ, ಇವಳಿಗೆ ಸಿನಿಮಾ ಹುಚ್ಚು ಎಂದು. ನಲ್ಲಿಯ ಹತ್ತಿರ ನಿಮ್ಮ ಎದುರಿಗೇ ಅಂದರು. ಬಾಗಿಲಲ್ಲಿ ನಿಂತು ನಾನೂ ಕೇಳಿಸಿಕೊಂಡೆ. ಏನೂ ಹೇಳದೆ ಒಳಗೆ ಹೋದೆ.

ಟ್ರೈನಿಂಗು ಹೋಯಿತು. ನನ್ನ ಮದುವೆಯಾಗುವ ತನಕ ನೀವು ನನಗೆ ಬೇಯಿಸಿ ಹಾಕಿದಿರಿ, ಮದುವೆಯಾದ ಮೇಲೆ ನನ್ನ ಹೆಂಡತಿಯ ಬಾಣಂತನ ಮಾಡಿದಿರಿ. ಆ ಮೆಷಿನ್ನು ತುಳಿದು ತುಳಿದು ನಿಮ್ಮ ಮಂಡಿ ಸವೆಯಿತು. ಶೋಭಾ ಓದಿ, ಕೆಲಸ ಹಿಡಿದು, ನಿಮ್ಮನ್ನು ನಾಗರಬಾವಿಗೆ ಕರೆದುಕೊಂಡು ಹೋದಳು, ಅದು ಅವಳ ದೊಡ್ಡತನ. ಒಂದು ಸಲವಾದರೂ ನೀವು ನನಗೆ, ನಿನ್ನಿಂದ ಹೀಗಾಯಿತು ಎನ್ನಲಿಲ್ಲ. ಹೇಗೆ ಅಂದೀರಿ, ನಿಮಗೆ ಗೊತ್ತಿರಲಿಲ್ಲವಲ್ಲ.

ನಾನು ಯಾವತ್ತೂ ಇದನ್ನು ಹೇಳುತ್ತಿರಲಿಲ್ಲವೇನೋ. ಹೋದ ಭಾನುವಾರ ಊಟಕ್ಕೆ ಬಂದಿದ್ದಾಗ ನೀವು ಶೋಭಾಳ ಮಗಳಿಗೆ ಹೇಳುತ್ತಿದ್ದಿರಿ: "ನಿಮ್ಮ ತಾತ ಸಾಯೋ ಮುಂಚೆ ನಂಗೊಂದು ಮಾತು ಹೇಳಿದ್ರು ಕಣೇ. ಕಷ್ಟ ಆಯ್ತು, ಆದ್ರೂ ಮುರೀಲಿಲ್ಲ. ಬೇಕಾದ್ರೆ ಚಿಕ್ಕ ತಾತನ್ನ ಕೇಳು." ಆ ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ನಾನು ತಲೆಯಾಡಿಸಿದೆ, ಹೌದು ಎಂದು. ನಿಮ್ಮ ಮುಖದಲ್ಲಿ ಹೆಮ್ಮೆಯಿತ್ತು ಅತ್ತಿಗೆ. ಇಷ್ಟು ವರ್ಷದಲ್ಲಿ ನಿಮ್ಮದೆಂದು ನೀವು ಇಟ್ಟುಕೊಂಡದ್ದು ಆ ಹೆಮ್ಮೆಯೊಂದೇ, ಅದನ್ನೂ ಈಗ ನಾನೇ ಕಿತ್ತುಕೊಳ್ಳುತ್ತಿದ್ದೇನೆ. ಹೇಳದೆ ಸತ್ತಿದ್ದರೆ ನಿಮಗೆ ಒಳ್ಳೆಯದಾಗುತ್ತಿತ್ತೋ ಏನೋ — ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಆದರೆ ಹಾಗೆ ನಿಮಗೆ ಏನು ಒಳ್ಳೆಯದು ಎಂದು ನಾನೇ ತೀರ್ಮಾನ ಮಾಡಿದ್ದು ಒಂದು ಸಲ ಸಾಕು.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಸ್ವಭಾವವೇ ಹಾಗೆ.

ಈ ಭಾನುವಾರ ಬಂದು ಇದನ್ನು ನಿಮ್ಮೆದುರಿಗೆ ಕೂತು ನಾನೇ ಓದುತ್ತೇನೆ, ಶೋಭಾಳೂ ಇರಲಿ, ಆಮೇಲೆ ಅವಳೂ ಓದಿಕೊಳ್ಳಲಿ. ಅಣ್ಣ ಹೇಳಿದ್ದರಲ್ಲಿ ನನಗೆ ಗೊತ್ತಿರುವ ಮೂರು ಮಾತನ್ನು ಮೇಲೆ ಬರೆದಿದ್ದೇನೆ, ಅವು ಅವನವೇ, ನಾನು ಒಂದಕ್ಷರ ಸೇರಿಸಿಲ್ಲ. ಅವನು ನಿಮ್ಮನ್ನು ಇರು ಎನ್ನಲಿಲ್ಲ, ಹೋಗು ಎಂದ. ಇನ್ನುಳಿದ ಅಷ್ಟು ಹೊತ್ತು ಏನು ಹೇಳಿದ ಎಂದು ನೀವು ಕೇಳುತ್ತೀರಿ. ಶರ್ಟು ಹಾಕಿಕೊಂಡು ಕೂತು ಬರೀ ಬುದ್ಧಿ ಹೇಳಿರಲಾರ, ನಿಮಗೆ ಇಷ್ಟವಾಗುವಂಥದ್ದೇನಾದರೂ ಹೇಳಿಯೇ ಇರುತ್ತಾನೆ. ನೀವು ನನ್ನ ಮುಖ ನೋಡುತ್ತೀರಿ. ಆಗ ಏನಾದರೊಂದು ಒಳ್ಳೆಯ ಮಾತು ನನ್ನ ಬಾಯಿಗೆ ಬಂದೇ ಬರುತ್ತದೆ, ನನ್ನ ಬಾಯಿ ನನಗೆ ಗೊತ್ತು. ಈ ಸಲ ಅದನ್ನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ ಅತ್ತಿಗೆ, ನಾನು ಕೇಳಿಸಿಕೊಳ್ಳಲಿಲ್ಲ, ಎಂದೇ ಹೇಳುತ್ತೇನೆ.